ಒಗೆಯುವ ಕಲ್ಲಿನ ಐದನೆಯ ಶಿಲುಬೆ

ನೀಲಪ್ಪ ಮಾಸ್ತರರಿಗೆ ಯುದ್ಧದ ಮಾತು ಕೇಳಿ ಕೇಳಿ ಸಾಕಾಗಿತ್ತು. ಸವಣೂರಿಗೆ ಎರಡು ಹರದಾರಿ ದೂರದ ಅವರ ಊರಿನಲ್ಲಿ, ನವಾಬರ ಕಾಲದ ಕಾಳಗದಲ್ಲಿ ಬಿದ್ದ ಚರ್ಚನ್ನೂ ಅದಕ್ಕಂಟಿದ ಸನ್ಯಾಸಿಗಳ ಮಠವನ್ನೂ ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಫಾದರ್ ಮಿನೇಜಸ್ ಮತ್ತೆ ಕಟ್ಟಿಸಿದ್ದರು. ಭಾನುವಾರ ಪ್ರಾರಂಭೋತ್ಸವ. ಅಂದು ಓದಲು ಇತಿಹಾಸ ಬರೆಯುವ ಹೊರೆ ನಿವೃತ್ತ ಮಾಸ್ತರರ ಹೆಗಲೇರಿತ್ತು.

"ಈ ಊರಿನಲ್ಲಿ ಸುಳ್ಳು ಹೇಳದವರು ನೀವೊಬ್ಬರೇ ಮಾಸ್ತರೇ" ಎಂದು ಮಂಗಳೂರು ಕಡೆಯ ಫಾದರ್ ಹೊಗಳಿ, ಹೊಗಳಿಕೆಯಲ್ಲೇ ಕಟ್ಟಿಹಾಕಿದ್ದರು. ಜೊತೆಗೆ ಹೊಸ ಚರ್ಚಿನಲ್ಲಿ ಕೂರಿಸಲು ಹಳೆಯ ಬಲಿಪೀಠದ ಚಪ್ಪಡಿಯನ್ನೂ ಹುಡುಕಬೇಕಿತ್ತು. ಗುರುತು: ಮೂಲೆಗೊಂದು, ನಡುವೆ ಒಂದು, ಒಟ್ಟು ಐದು ಶಿಲುಬೆ.

ಮಾಸ್ತರರು ಚೌಡಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತು, ಚರ್ಚು ಬಿದ್ದದ್ದು ಹೇಗೆಂದು ಅವನನ್ನೇ ಕೇಳಿದರು.

"ಯುದ್ಧದಾಗ ಬಿತ್ತಲ್ರೀ ಮಾಸ್ತರ! ತೋಪು ಹಾರಿಸಿದ್ರು, ಧಡಮ್ಮಂತ."

"ಕಲ್ಲು ಎಲ್ಲಿ ಹೋದವೋ?"

"ತೋಪಿಗೆ ಹಾರಿದ್ದನ್ನ ಎಲ್ಲಿ ಹುಡುಕ್ತೀರಿ?"

ಆ ಕಟ್ಟೆಯ ಅಂಚಿಗೆ ದ್ರಾಕ್ಷಿಬಳ್ಳಿಯ ಕೆತ್ತನೆಯಿತ್ತು. ವೀಳ್ಯದೆಲೆ ಬಳ್ಳಿಯ ಸೀಮೆಗೆ ದ್ರಾಕ್ಷಿಬಳ್ಳಿ ಹೇಗೆ ಹಬ್ಬಿತೆಂದು ಯಾರೂ ಕೇಳಿರಲಿಲ್ಲ. ಕರೀಮಸಾಬನ ಬಾವಿಯ ಮೆಟ್ಟಿಲಿನಲ್ಲಿ ರೆಕ್ಕೆಯ ದೇವದೂತನೊಬ್ಬ ಬೋರಲು ಬಿದ್ದಿದ್ದ. ಕಾಳಗ ಕೆಡವಿದ್ದು ಒಂದೇ ಗೋಡೆ; ಉಳಿದ ಮೂರು ಆಮೇಲೆ ಒಂದೊಂದಾಗಿ ಚಕ್ಕಡಿಯೇರಿ ಊರೊಳಗೆ ಬಂದಿದ್ದವು. ಕಾಳಗದ್ದು ಕಾಲುಭಾಗ, ಮಿಕ್ಕದ್ದು ಊರಿನ ಪಾಲುಭಾಗ.

ಮಾಸ್ತರರ ಹಿತ್ತಲಲ್ಲೂ ಒಂದು ಚಪ್ಪಡಿಯಿತ್ತು. ಅಪ್ಪ ಎಳೆದು ತಂದದ್ದು. ಹೆಂಡತಿ ಗುತ್ತೆವ್ವ ಅದರ ಮೇಲೆ ಅರಿವೆ ಒಗೆಯುತ್ತಿದ್ದಳು. ಬರೆದರೆ ಸತ್ತ ಅಪ್ಪನಿಗೆ ಕಳ್ಳನ ಪಟ್ಟ. ಬಿಟ್ಟರೆ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೆಲ್ಲ ಹುಸಿ. ಒಂದೇ ಸಮಾಧಾನವೆಂದರೆ ಅದರಲ್ಲಿದ್ದವು ನಾಲ್ಕೇ ಶಿಲುಬೆ. ಫಾದರ್ ಕೇಳಿದ್ದು ಐದು.

ಶನಿವಾರ ಅವರು ಮತ್ತೊಮ್ಮೆ ಬಗ್ಗಿ ನೋಡುತ್ತಿದ್ದಾಗ ಗುತ್ತೆವ್ವ ಬಕೆಟ್ಟು ಕುಕ್ಕಿದಳು.

"ಏನ್ ಎಣಸಾಕತ್ತೀರಿ?"

"ನಾಕ ಅದಾವ. ಇದು ಆ ಕಲ್ಲಲ್ಲ ಬಿಡು."

"ನಾ ಮದುವ್ಯಾಗಿ ಬಂದಾಗ ಐದಿದ್ದುವು. ನಡುವಿಂದು ನಿಮ್ಮ ಧೋತರ ಬಡದ ಬಡದ ಸವೀತು. ನಲವತ್ತು ವರ್ಷಕ್ಕ ಕಲ್ಲರ ಸವೀತು, ನಿಮ್ಮ ಎಲಿಅಡಿಕಿ ಕಲೆ ಹೋಗಲಿಲ್ಲ."

ಮಾಸ್ತರರು ಆ ಕಲ್ಲಿನ ಮೇಲೆಯೇ ಕುಳಿತರು.

"ಸುಮ್ಮನಿದ್ದಿದ್ರ ಏನಾಕ್ಕಿತ್ತ ನಿನಗ?"

"ಹದಿನೈದು ದಿನಾತು, ಬರ್ದ ಹಾಳಿ ಹರದ ಒಗ್ಯಾಕತ್ತೀರಿ. ಕಸ ಬಳ್ಯಾಕಿ ನಾನು. ಖರೇ ಬರದು ಮುಗಸ್ರಿ."

ಭಾನುವಾರ ಅವರು ಓದಿದ್ದು ಅರ್ಧ ಹಾಳೆ. "ಒಂದು ಗೋಡೆಯನ್ನು ಯುದ್ಧ ಕೆಡವಿತು. ಮೂರನ್ನು ನಾವು ಒಯ್ದೆವು. ಬಲಿಪೀಠವನ್ನು ಒಯ್ದವರು ನನ್ನ ತಂದೆ. ಅದರ ಐದನೆಯ ಶಿಲುಬೆಯನ್ನು ಸವೆಸಿದವರು ಸೈನಿಕರಲ್ಲ, ನನ್ನ ಹೆಂಡತಿ." ಚೌಡಪ್ಪ ಕೆಮ್ಮಿದ. ಕರೀಮಸಾಬ ಹೊಸ ಛಾವಣಿಯನ್ನು ಬಲು ಆಸಕ್ತಿಯಿಂದ ನೋಡಿದ.

ಸೋಮವಾರ ನಾಲ್ವರು ಚಪ್ಪಡಿ ಎತ್ತಿ ಚರ್ಚಿಗೆ ಒಯ್ದರು. ನಡುವಿನ ತಗ್ಗಿನ ಮೇಲೆ ಫಾದರ್ ಅಂಗೈಯಾಡಿಸಿ, "ಮತ್ತೆ ಕೆತ್ತಿಸುವುದು ಬೇಡ, ಹೀಗೇ ಇರಲಿ" ಎಂದರು. ಬದಲಿಗೊಂದು ಹೊಸ ಕಲ್ಲು ಹಿತ್ತಲಿಗೆ ಬಂತು.

ಗುತ್ತೆವ್ವ ಅದರ ಮೇಲೆ ಕೈಯಾಡಿಸಿದಳು. "ಎಷ್ಟು ಒರಟೈತ್ರೀ ಇದು! ಹದಕ್ಕ ಬರಾಕ ಇನ್ನ ನಲವತ್ತು ವರ್ಷ ಬೇಕು" ಎಂದು ಸೊಂಟ ಹಿಡಿದು ಮೆಟ್ಟಿಲ ಮೇಲೆ ಕುಳಿತಳು.

ಮಾಸ್ತರರು ಬಕೆಟ್ಟಿನಿಂದ ತಮ್ಮ ಧೋತರ ಎತ್ತಿಕೊಂಡು, ತಾವೇ ಬಡಿಯತೊಡಗಿದರು.