ವಾಸಪ್ಪನನ್ನು ಕೊಂದ ಚೂರಿ

ವರ್ಕಾಡಿಯ ಸಿಮೋನ್ ಡಿಸೋಜರು ಇಗರ್ಜಿಯ ಪಾಲನಾ ಮಂಡಳಿಯ ಉಪಾಧ್ಯಕ್ಷರು. ಊರವರ ಬಾಯಲ್ಲಿ ಗೌರವದಿಂದ ಸಿಮೋನ್ ಪೊರ್ಬುಗಳು. ತಮ್ಮ ಮನೆತನದವರು ಯಾರೂ ಇದುವರೆಗೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಲ್ಲ ಎಂಬ ಸಂಗತಿಯನ್ನು ಅವರು ಅಡಿಕೆ ರೇಟಿನ ಮಾತಿನ ನಡುವೆಯೂ ಹೇಗಾದರೂ ತಂದು ಸೇರಿಸುತ್ತಿದ್ದರು.

ಮಂಗಳೂರಿನ ಹಳೇ ಸಾಮಾನಿನ ವ್ಯಾಪಾರಿ ಧನರಾಜ್ ಅವರ ಮನೆಗೆ ಬಂದದ್ದು ಗೋಡೆ ಗಡಿಯಾರವನ್ನು ನೋಡಲು. ಗಡಿಯಾರ ಅವನಿಗೆ ಹಿಡಿಸಲಿಲ್ಲ. ಹೊರಡುವಾಗ ಹಿಂದಿನ ಜಗಲಿಯಲ್ಲಿ ಸಿಮೋನರ ಹೆಂಡತಿ ಲೂರ್ಡ್ಸ್ ಬಂಗುಡೆ ಮೀನು ಶುಚಿ ಮಾಡುತ್ತಿದ್ದ ಮಡಚು ಚೂರಿ ಕಣ್ಣಿಗೆ ಬಿತ್ತು. ಅದು ಸಿಮೋನರ ಅಜ್ಜ ಪಾಸ್ಕಾಲರ ಕಾಲದ್ದು. ಧನರಾಜ್ ಅದನ್ನು ತೊಳೆಸಿದ. ಕಿವಿಯ ಹತ್ತಿರ ಹಿಡಿದು ಬಿಡಿಸಿ ಮಡಚಿದ. ಅಲಗು ಟಕ್ಕೆಂದು ಕೂತಿತು. ಸೂಜಿ ಕಾಯಿಸಿ ಹಿಡಿಗೆ ಚುಚ್ಚಿ ನೋಡಿದ. ಇಳಿಯಲಿಲ್ಲ, ಪ್ಲಾಸ್ಟಿಕ್ ಅಲ್ಲ, ಎಲುಬೇ. ಅಲಗಿನ ಬುಡದಲ್ಲಿ ಕಪ್ಪು ಹಿಡಿದ ಇಂಗ್ಲಿಷ್ ಅಕ್ಷರಗಳಿದ್ದವು. ಭೂತಗನ್ನಡಿಯಲ್ಲಿ ಕಂಡದ್ದು 'ಫೀಲ್ಡ್' ಎಂಬುದಷ್ಟೇ. ಇಂಗ್ಲೆಂಡಿನ ಶೆಫೀಲ್ಡಿನದ್ದಿರಬೇಕು, ಆದರೆ ಮಸೆದು ಮಸೆದು ಅಲಗು ಅರ್ಧಕ್ಕೆ ಬಂದಿದೆ, ಐನೂರು ರೂಪಾಯಿ ಕೊಡಬಹುದು ಎಂದ.

"ಚರಿತ್ರೆ ಉಂಟಾದರೆ ರೇಟು ಬೇರೆ," ಎಂದು ಸೇರಿಸಿದ.

"ಎಂತ ಚರಿತ್ರೆ?"

"ಇದರಲ್ಲಿ ಯಾರನ್ನಾದರೂ ಕೊಂದದ್ದುಂಟಾ? ಅಂಥದ್ದಕ್ಕೆ ನಲವತ್ತು ಸಾವಿರ ಕೊಡುವ ಜನ ಇದ್ದಾರೆ."

ಸಿಮೋನರಿಗೆ ಸಿಟ್ಟು ಬಂತು. ತಮ್ಮದು ಎಂಥ ಮನೆತನ ಎಂದು ಅವನಿಗೆ ವಿವರವಾಗಿ ಹೇಳಿ ಕಳಿಸಿದರು. ಆದರೆ ಆ ಸಂಜೆ ಜಪಸರ ಹಿಡಿದು ಕೂತಾಗ ಪ್ರಾರ್ಥನೆಯ ನಡುನಡುವೆ ಅಜ್ಜನ ಮುಖ ಬರತೊಡಗಿತು. ಪಾಸ್ಕಾಲರದು ಮುಂಗೋಪ. ಕಣ್ಣೂ ಕೆಂಪು. ಬೆಳಗಾಗುವಷ್ಟರಲ್ಲಿ ಅವರಿಗೆ ಅಜ್ಜನ ಮೇಲೆ ಸ್ವಲ್ಪ ಭರವಸೆ ಹುಟ್ಟಿತ್ತು.

ಲೂರ್ಡ್ಸ್ ಕೈಯಿಂದ ಚೂರಿ ತೆಗೆದು ಕಪಾಟಿನಲ್ಲಿಟ್ಟರು. ಅಜ್ಜನ ಅಣ್ಣನ ಮೊಮ್ಮಗ ಸವಿಯೊನಿಗೆ ಫೋನ್ ಮಾಡಿ, ನಮ್ಮಜ್ಜ ಯಾರನ್ನಾದರೂ ಕೊಂದ ಸುದ್ದಿ ನಿನ್ನ ಕಿವಿಗೆ ಬಿದ್ದಿದೆಯೇ ಎಂದು ವಿಚಾರಿಸಿದರು. ಸವಿಯೊ ಅದೇ ದಿನ ಸ್ಕೂಟರಿನಲ್ಲಿ ಬಂದ. ಚೂರಿ ಮೊದಲು ತನ್ನಜ್ಜ ಜಾಕೋಬರ ಕೈಯಲ್ಲಿತ್ತು ಎಂಬುದು ಅವನ ವಾದ.

"ಈ ಕುಟುಂಬದಲ್ಲಿ ಯಾರಾದರೂ ಕೊಲೆ ಮಾಡಿದ್ದರೆ ಅದು ನನ್ನಜ್ಜನೇ, ಸಿಮೋನ್. ನಿನ್ನಜ್ಜ ಕೋಳಿ ಕೊಯ್ಯುವಾಗ ಒಳಗೆ ಹೋಗುತ್ತಿದ್ದ ಜನ."

ಇಬ್ಬರಿಗೂ ಜೋರು ಮಾತಾಯಿತು. ಕೊನೆಗೆ ಜಾಕೋಬರು ಹಿಡಿದುಕೊಂಡರು, ಪಾಸ್ಕಾಲರು ತಿವಿದರು, ಮಾರುವ ತನಕ ಚೂರಿ ಸವಿಯೊನ ಬಳಿ ಇರಲಿ ಎಂದು ರಾಜಿಯಾಯಿತು. ಚಹಾ ತಂದ ಲೂರ್ಡ್ಸ್, ಇಂಥ ಮನೆ ಎಂದು ಮದುವೆಗೆ ಮೊದಲೇ ತನ್ನ ಅಪ್ಪನಿಗೆ ಹೇಳಬಹುದಿತ್ತು ಎಂದಷ್ಟೇ ಹೇಳಿ ಒಳಗೆ ಹೋದಳು.

ಉಳಿದದ್ದು ಸತ್ತವನು ಯಾರು ಎಂಬ ಪ್ರಶ್ನೆ. ಗದ್ದೆಯಾಚೆಯ ಭುಜಂಗ ಶೆಟ್ಟರ ಅಜ್ಜನ ತಮ್ಮ ವಾಸಪ್ಪ ಎಂಬವನು ಬ್ರಿಟಿಷರ ಕಾಲದಲ್ಲಿ ಮನೆ ಬಿಟ್ಟು ಹೋದವನು ತಿರುಗಿ ಬಂದಿರಲಿಲ್ಲ. ಸಿಮೋನರು ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ಆ ಹೆಸರನ್ನು ಮೆಲ್ಲನೆ ಎತ್ತಿದರು. ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಮನೆಗೆ ಬಂದರೆ ಭುಜಂಗ ಶೆಟ್ಟರು ಜಗಲಿಯಲ್ಲಿ ಕೂತಿದ್ದರು.

"ಪೊರ್ಬುಗಳೇ, ನಮ್ಮ ವಾಸಪ್ಪಜ್ಜನನ್ನು ಕೊಂದದ್ದು ನಿಮ್ಮವರಂತೆ."

"ಹಾಗೆ ಅಲ್ಲ ಶೆಟ್ರೇ, ಜನ ಎಂತೆಂತದೋ ಹೇಳ್ತಾರೆ."

"ಅಲ್ಲ ಅಂತ ಹೇಳಬೇಡಿ," ಎಂದರು ಭುಜಂಗರು. "ಅವರು ಅಡಿಗೆಯವಳ ಜೊತೆ ಮುಂಬೈಗೆ ಓಡಿದರು, ಅಲ್ಲಿ ಹೋಟೆಲಿನಲ್ಲಿ ಲೋಟ ತೊಳೆದರು ಅಂತ ನಾವು ಇಷ್ಟು ಕಾಲ ಕೇಳಿಸಿಕೊಂಡದ್ದು ಸಾಕು. ಕೊಲೆಯಾದರೆ ಒಂದು ಮರ್ಯಾದೆ ಉಂಟು."

ಆಮೇಲೆ ಮಾತು ಸಲೀಸಾಯಿತು. ಕಾರಣ ಗದ್ದೆಯ ನೀರು ಎಂದು ಇಬ್ಬರೂ ಒಪ್ಪಿದರು. ನ್ಯಾಯ ವಾಸಪ್ಪನ ಕಡೆಗಿತ್ತು ಎಂಬುದನ್ನು ಸಿಮೋನರು ಬಿಟ್ಟುಕೊಟ್ಟರು. ತೊಡಕಾದದ್ದು ತಿವಿತದ ಜಾಗ. ಎದುರಿನಿಂದ ವಾಸಪ್ಪನನ್ನು ಮುಟ್ಟುವ ಗಂಡಸು ಈ ಸೀಮೆಯಲ್ಲಿರಲಿಲ್ಲ, ಬೆನ್ನಿಗೇ ಹಾಕಿರಬೇಕು ಎಂದು ಭುಜಂಗರು. ಪಾಸ್ಕಾಲ್ ಹೇಡಿಯಲ್ಲ, ಎದೆಗೇ ಎಂದು ಸಿಮೋನರು. ಎರಡು ಸುತ್ತು ಚಹಾ ಆದ ಮೇಲೆ ಪಕ್ಕೆಲುಬಿಗೆ ಎಂದು ತೀರ್ಮಾನವಾಯಿತು. ಬಂದ ಹಣದಲ್ಲಿ ಮೂರನೆಯ ಒಂದು ಪಾಲು ಸತ್ತವನ ಮನೆಗೆ.

ಧನರಾಜ್ ಮತ್ತೆ ಬಂದ. ಕೊಂದವರ ಮೊಮ್ಮಗನನ್ನೂ ಸತ್ತವನ ಕುಟುಂಬದವರನ್ನೂ ಅಕ್ಕಪಕ್ಕ ಕೂರಿಸಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಭುಜಂಗರು ಕಣ್ಣೊರಸಿಕೊಂಡರು. ವಿಡಿಯೊ ಅಲ್ಲಿಂದಲೇ ಊರೆಲ್ಲ ಹೋಯಿತು. ನಂತರ ಧನರಾಜ್ ಚೂರಿ ಕೇಳಿದ. ಸವಿಯೊ ಹೆಮ್ಮೆಯಿಂದ ತಂದುಕೊಟ್ಟ. ಗಿರಾಕಿಗೆ ಚೆನ್ನಾಗಿ ಕಾಣಲೆಂದು ಅವನು ಅದನ್ನು ಕಕ್ಕಸು ತೊಳೆಯುವ ಆಸಿಡಿನಲ್ಲಿ ನೆನೆಸಿ, ಮರಳುಕಾಗದದಲ್ಲಿ ತಿಕ್ಕಿ, ಹೊಸ ಚಮಚದಂತೆ ಮಾಡಿದ್ದ.

ಧನರಾಜ್ ಅದನ್ನು ತಿರುಗಿಸಿ ನೋಡಿದ. ಹಳೇ ಚೂರಿಯ ಬೆಲೆ ಇರುವುದೇ ಅದರ ಕಪ್ಪಿನಲ್ಲಿ, ಅದನ್ನು ನೀವು ತಿಕ್ಕಿ ತೆಗೆದಿದ್ದೀರಿ ಎಂದ. ಭೂತಗನ್ನಡಿ ಇಟ್ಟು ಅಲಗಿನ ಬುಡ ನೋಡಿದ. ಕಪ್ಪು ಹೋದ ಕಾರಣ ಈಗ ಅಕ್ಷರಗಳೆಲ್ಲ ಸ್ಪಷ್ಟವಿದ್ದವು. ಮೇಲೆ ಶೆಫೀಲ್ಡ್ ಸ್ಟೀಲ್, ಕೆಳಗೆ ಸಣ್ಣದಾಗಿ ಮೇಡ್ ಇನ್ ಇಂಡಿಯಾ. ಉಕ್ಕು ಮಾತ್ರ ಅಲ್ಲಿಯದ್ದು, ಚೂರಿ ಸ್ವಾತಂತ್ರ್ಯ ಬಂದ ಮೇಲಿನದ್ದು ಎಂದ. ಬ್ರಿಟಿಷರ ಕಾಲದ ವಾಸಪ್ಪನನ್ನು ಇದು ಕೊಲ್ಲುವುದು ಹೇಗೆ? ನೂರೈವತ್ತು ಕೊಡುತ್ತೇನೆ ಎಂದಾಗ ಸಿಮೋನರು ಚೂರಿಯನ್ನು ಮಡಚಿ ಒಳಗಿಟ್ಟರು. ಅವನು ಹೋದ.

ಮರುವಾರ ಇಗರ್ಜಿಯಲ್ಲಿ ಉಪಾಧ್ಯಕ್ಷರಿಂದ ವಿವರಣೆ ಕೇಳಿದರು. ಸಿಮೋನರು ಭುಜಂಗರ ಮನೆಗೆ ಹೋಗಿ, ಕೊಲೆಯನ್ನು ಇಬ್ಬರೂ ಸೇರಿ ವಾಪಸು ತೆಗೆದುಕೊಳ್ಳೋಣ ಎಂದು ಬೇಡಿಕೊಂಡರು.

"ಅದು ಹೇಗೆ ಆಗ್ತದೆ ಪೊರ್ಬುಗಳೇ? ದುರ್ಮರಣಕ್ಕೆ ಶಾಂತಿ ಮಾಡಿಸುವುದು ಅಂತ ಆಯ್ತು. ಇನ್ನೂರು ಜನಕ್ಕೆ ಊಟ ಹೇಳಿ ಆಗಿದೆ. ನೀವೂ ಬರಬೇಕು, ನೀವಿಲ್ಲದೆ ಚಂದ ಆಗುವುದಿಲ್ಲ."

ಸಿಮೋನರು ಹೋದರು. ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಜನ ಜಾಗ ಬಿಟ್ಟು ಕೂತರು. ಬಡಿಸುವವರು ಅವರಿಗೆ ಮಾತ್ರ ಎರಡು ಸಲ ಕೇಳಿ ಬಡಿಸಿದರು. ಇಷ್ಟು ವರ್ಷ ಉಪಾಧ್ಯಕ್ಷರಾಗಿದ್ದರೂ ಇಂಥ ಭಯಭಕ್ತಿಯನ್ನು ಅವರು ಕಂಡಿರಲಿಲ್ಲ. ಪಕ್ಕದ ಎಲೆಗೆ ಪ್ಯಾಂಟು ತೊಟ್ಟ ಒಬ್ಬ ಅಪರಿಚಿತ ಬಂದು ಕೂತ. ಹೆಸರು ಲತೇಶ್, ಮುಂಬೈ ಹತ್ತಿರದ ಠಾಣೆ ಪೇಟೆಯಲ್ಲಿ ಹೋಟೆಲು. ವಿಡಿಯೊ ನೋಡಿ ರೈಲು ಹತ್ತಿ ಬಂದೆ ಎಂದು ಅವನು ಬಡಿಸುತ್ತಿದ್ದ ಭುಜಂಗರಿಗೆ ಮೆಲ್ಲನೆ ಹೇಳಿದ. ವಾಸಪ್ಪ ತನ್ನ ಅಜ್ಜ, ಎಂಬತ್ತು ದಾಟಿ ಮನೆಯಲ್ಲೇ ಮಲಗಿದಲ್ಲಿ ತೀರಿಕೊಂಡರು ಎಂದ.

ಭುಜಂಗರು ಆಚೀಚೆ ನೋಡಿದರು. ಅವನ ಎಲೆಗೆ ಇನ್ನೊಂದು ಸೌಟು ಪಾಯಸ ಸುರಿದರು.

"ಊಟ ಮಾಡು ಮಗ. ಅದನ್ನೆಲ್ಲ ಇಲ್ಲಿ ಹೇಳುವುದು ಬೇಡ."

ಸಿಮೋನರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಮ್ಮಜ್ಜ ನಿರಪರಾಧಿ. ಇದನ್ನು ಎದ್ದುನಿಂತು ಇಡೀ ಚಪ್ಪರಕ್ಕೆ ಕೇಳುವಂತೆ ಹೇಳಬೇಕು ಎಂದುಕೊಂಡರು. ಅಷ್ಟರಲ್ಲಿ ಎದುರಿನ ಸಾಲಿನಲ್ಲಿದ್ದ ಪಾಲನಾ ಮಂಡಳಿಯ ಅಧ್ಯಕ್ಷರಾದ ಪಾದ್ರಿಗಳ ಕಣ್ಣು ತಮ್ಮ ಕಣ್ಣಿಗೆ ತಾಗಿದ ಕೂಡಲೇ ಕೆಳಗಿಳಿಯಿತು. ಸಿಮೋನರು ಬೆನ್ನು ನೆಟ್ಟಗೆ ಮಾಡಿ, ಪಾಯಸಕ್ಕೆ ಕೈ ಹಾಕಿದರು.