ಉಗ್ರಾಣದ ಬೋಂಡಣ್ಣ

ನನ್ನ ಹೆಸರು ಬೋಂಡಣ್ಣ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದು ಹೆಚ್ಚೇನೂ ಇಲ್ಲ. ಕಂಪ್ಯೂಟರಿನಲ್ಲಿ ಆಡುವ ‘ಏಳು ಕೋಟೆ’ ಎಂಬ ಆಟದೊಳಗಿನ ಒಬ್ಬ ಕುಳ್ಳ ನಾನು. ಆ ಆಟದಲ್ಲಿ ರಾಕ್ಷಸರಿದ್ದಾರೆ, ಮಂತ್ರಗಾರರಿದ್ದಾರೆ, ಕತ್ತಿ ಝಳಪಿಸುವ ವೀರರಂತೂ ಲೆಕ್ಕವಿಲ್ಲದಷ್ಟು. ನಾನು ಅವರ್ಯಾರೂ ಅಲ್ಲ. ನಾನು ಮೂಟೆ ಹೊರುವವನು.

ಹುಟ್ಟಿದ್ದು ದಾವಣಗೆರೆಯ ಒಂದು ಬಾಡಿಗೆ ಮನೆಯಲ್ಲಿ. ಹುಟ್ಟಿಸಿದವಳು ಅನ್ವಿತಾ, ಆಗವಳಿಗೆ ಏಳು ವರ್ಷ. ಅಪ್ಪನ ತೊಡೆಯ ಮೇಲೆ ಕೂತು, ಮೌಸ್ ಹಿಡಿದು, ನನ್ನ ಹೊಟ್ಟೆಯನ್ನು ಎಷ್ಟು ದಪ್ಪ ಮಾಡಲು ಬರುತ್ತದೋ ಅಷ್ಟೂ ಮಾಡಿದಳು. ಮೂಗನ್ನು ಉಬ್ಬಿಸಿದಳು. ಮೀಸೆಗೆ ಕಿತ್ತಳೆ ಬಣ್ಣ ಬಳಿದಳು. “ಅಪ್ಪಾ, ಥೇಟ್ ಬೋಂಡ ಇದ್ದಂಗೆ ಇದಾನೆ!” ಎಂದು ಕೇಕೆ ಹಾಕಿ ನಕ್ಕಳು. ಅವಳಪ್ಪ ಕೊಟ್ರೇಶನೂ ನಕ್ಕ. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಅಕ್ಷರ ಕೂರಿಸುವುದು ಅವನ ಕೆಲಸ. ಆ ದಿನ ನನ್ನ ಹೆಸರನ್ನೂ ಅವನೇ ಕೂರಿಸಿದ.

ಎರಡು ದಿನ ಆ ಹುಡುಗಿ ನನ್ನನ್ನು ಆಟದೊಳಗಿನ ಊರಿನ ಚೌಕದಲ್ಲಿ ಕುಣಿಸಿದ್ದೇ ಕುಣಿಸಿದ್ದು. ಮೂರನೆಯ ದಿನ ಮರೆತಳು. ಮಕ್ಕಳ ಪ್ರೀತಿ ಅಷ್ಟೇ ತಾನೇ, ನನಗೇನೂ ಸಿಟ್ಟಿಲ್ಲ.

ಪರದೆಯ ಈ ಕಡೆಯಿಂದ ನನಗೆ ಕಾಣುವುದು ಎದುರಿಗೆ ಕೂತವರ ಮುಖವಷ್ಟೇ. ಕೇಳುವುದು ಮೈಕಿಗೆ ಬಿದ್ದ ಮಾತಷ್ಟೇ. ಆದರೂ ಆ ಮನೆಯಲ್ಲಿ ಏನೋ ಕೆಡುತ್ತಿದೆ ಎಂದು ನನಗೂ ತಿಳಿಯುತ್ತಿತ್ತು. ಮೊದಲು ಗಂಡ ಹೆಂಡತಿಯ ಜಗಳ ಕೇಳಿಸುತ್ತಿತ್ತು. ಆಮೇಲೆ ಜಗಳವೂ ನಿಂತಿತು. ಅನ್ವಿತಾಗೆ ಒಂಬತ್ತು ತುಂಬಿದ ವರ್ಷ ಅವಳಮ್ಮ ಸುವರ್ಣ ಮಗಳನ್ನು ಕರೆದುಕೊಂಡು ತುಮಕೂರಿಗೆ ಹೋದಳು. ಅಲ್ಲಿ ಅವಳಿಗೆ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಕೋರ್ಟಿನಲ್ಲಿ ಎಲ್ಲ ಮುಗಿದ ಮೇಲೆ ಕೊಟ್ರೇಶನಿಗೆ ಉಳಿದದ್ದು ತಿಂಗಳಿಗೊಂದು ಶನಿವಾರ. ಎರಡೂ ಊರಿನ ನಡುವಿನ ಹಿರಿಯೂರಿನಲ್ಲಿ, ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ, ಅಪ್ಪ ಮಗಳು ಎದುರು ಬದುರು ಕೂತು ಮಸಾಲೆ ದೋಸೆ ತಿಂದು ಬರುವುದು.

ಪಾಪ, ಆ ಮನುಷ್ಯನಿಗೆ ಮಾತು ಬರುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು, ಸ್ಪೀಕರಿಗೆ ಹಾಕಿಯೇ ಫೋನಿನಲ್ಲಿ ಮಾತಾಡುತ್ತಿದ್ದ, ನಾನೇ ಕೇಳಿದ್ದೇನೆ.

“ಊಟ ಆತೇನವ್ವ?”

“ಹೂಂ.”

“ಏನ್ ಮಾಡಿದ್ರು?”

“ಅನ್ನ ಸಾರು.”

ಅಷ್ಟಕ್ಕೆ ಮುಗಿಯಿತು. ಆಗ ಸುವರ್ಣಳೇ ಒಂದು ದಾರಿ ಹುಡುಕಿದಳು. ತುಮಕೂರಿನ ಮನೆಯ ಕಂಪ್ಯೂಟರಿಗೂ ಈ ಆಟ ಹಾಕಿಸಿಕೊಟ್ಟಳು. ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಅಪ್ಪನ ಜೊತೆ ಆಡಿಕೊಳ್ಳಲಿ ಎಂದಳು. ಅನ್ವಿತಾ ಅಲ್ಲಿ ಮಿಂಚು ಎಂಬ ಮಂತ್ರಗಾತಿಯನ್ನು ಮಾಡಿಕೊಂಡಳು. ಆಟಕ್ಕೆ ಇಳಿದರೆ ಸಾಕು, ಅಪ್ಪ ಮಗಳ ಬಾಯಿ ಬಿಚ್ಚಿಕೊಳ್ಳುತ್ತಿತ್ತು. “ಅಪ್ಪಾ ಹಿಂದೆ ನೋಡು, ಹಿಂದೆ! ಅಯ್ಯೋ ಓಡಪ್ಪ!” ಎಂದು ಅವಳು ಕಿರುಚುವುದು, “ತಡಿಯವ್ವ ತಡಿ, ಬಂದೆ” ಎಂದು ಇವನು ಏದುಸಿರು ಬಿಡುವುದು. ಆ ಎರಡು ಗಂಟೆ ಅವನ ಮುಖ ನೋಡಬೇಕಿತ್ತು ನೀವು.

ಮಗಳು ಯಾವ ಹುಕಿಯಲ್ಲಿ ಬರುತ್ತಾಳೋ ಯಾರಿಗೆ ಗೊತ್ತು? ಒಂದು ವಾರ ಕಾದಾಡೋಣ ಎನ್ನುತ್ತಾಳೆ, ಇನ್ನೊಂದು ವಾರ ಕಾಡು ಸುತ್ತೋಣ ಎನ್ನುತ್ತಾಳೆ. ಅದಕ್ಕೇ ಕೊಟ್ರೇಶ ತನ್ನ ಖಾತೆಯಲ್ಲಿ ಒಬ್ಬರಲ್ಲ, ಮೂವರನ್ನು ಬೆಳೆಸಿದ. ಗುರಾಣಿ ಹಿಡಿದು ಮುಂದೆ ನಿಲ್ಲುವ ಕಲ್ಲಪ್ಪ, ಗಾಯ ಮಾಯಿಸುವ ಗಂಗವ್ವ, ಬಿಲ್ಲುಗಾರ ಬಾಣಪ್ಪ. ಮೂವರಿಗೂ ಹೆಲ್ಮೆಟ್ಟಿನಿಂದ ಹಿಡಿದು ಬೂಟಿನವರೆಗೆ ಎಲ್ಲ ಹೊಂದಿಸಬೇಕು. ಪ್ರೆಸ್ಸಿನಿಂದ ಬಂದವನೇ ಸಂಜೆ ಆರಕ್ಕೆ ಕೂರುತ್ತಿದ್ದ. ಕಲ್ಲಪ್ಪನನ್ನು ಕರೆದು ಕವಚ ತೊಡಿಸಿ ಕಳಿಸುವುದು, ಗಂಗವ್ವನನ್ನು ಕರೆದು ಉಂಗುರ ಬದಲಿಸುವುದು, ಬಾಣಪ್ಪನಿಗೆ ಬತ್ತಳಿಕೆ ಹುಡುಕುವುದು, ಮೂರು ಮಕ್ಕಳನ್ನು ಸ್ಕೂಲಿಗೆ ಹೊರಡಿಸುವ ತಾಯಿಯ ಹಾಗೆ ಒದ್ದಾಡುತ್ತಿದ್ದ. ಯಾರಿಗೂ ಸದ್ಯಕ್ಕೆ ಬೇಡವಾದದ್ದೆಲ್ಲ ಆಟದೊಳಗಿನ ಅಂಚೆಯಲ್ಲಿ ನನಗೆ ಬರುತ್ತಿತ್ತು. ಹೀಗೆ ನಾನು ಮಗಳ ಕೈ ಬಿಟ್ಟು ಅಪ್ಪನ ಕೈಗೆ ಬಂದೆ. ಊರಿನ ಉಗ್ರಾಣದ ಮುಂದೆ ನಿಲ್ಲಿಸಿದ, ಚೀಲ ಹೊರಿಸಿದ. ವರ್ಷಗಟ್ಟಲೆ ನಿಂತೆ. ಚೀಲದ ತುಂಬ ರಾಜರು ತೊಡುವ ಕವಚಗಳು, ಮೈಮೇಲೆ ಹುಟ್ಟಿದ ದಿನದ ಅದೇ ಗೋಣಿ ಅಂಗಿ. ಹೊಟ್ಟೆ ಉರಿಯುತ್ತಿತ್ತು ಎಂದರೆ ಸುಳ್ಳಲ್ಲ.

ಅದೇ ಬೀದಿಯಲ್ಲಿರುವ ಅವನ ಅಕ್ಕ ಗಿರಿಜಕ್ಕ ಆಗಾಗ ರೊಟ್ಟಿ ಪಲ್ಯ ತಂದುಕೊಟ್ಟು ಬಯ್ಯುತ್ತಿದ್ದಳು. “ಅಲ್ಲೋ ತಮ್ಮ, ನಲವತ್ತು ವರ್ಷ ಆತು ನಿನಗೆ. ಗೊಂಬಿಗೆ ಬಟ್ಟಿ ಹಾಕ್ಕೊಂತ ಕುಂತೀಯಲ್ಲೋ! ಯಾರರ ನೋಡಿದ್ರೆ ಏನಂದಾರು?”

“ಹಾಕ್ಲೇಬೇಕಕ್ಕ,” ಎನ್ನುತ್ತಿದ್ದ ಅವನು. “ಭಾನುವಾರ ಅನ್ವಿ ಬರ್ತಾಳೆ.”

ನಿಜ ಹೇಳಲೇ? ಅವನಿಗೆ ಈ ಆಟ ಹಿಡಿಸುತ್ತಿರಲಿಲ್ಲ. ಕಣ್ಣು ಉಜ್ಜಿಕೊಳ್ಳುತ್ತಿದ್ದ, ಆಕಳಿಸುತ್ತಿದ್ದ, ಎಷ್ಟೋ ಸಲ ಕಲ್ಲಪ್ಪನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕೂತಲ್ಲೇ ತೂಕಡಿಸುತ್ತಿದ್ದ. ಮಗಳು ಬರುವ ಜಾಗ ಎಂದು ಅದನ್ನು ಗುಡಿಸಿ ಸಾರಿಸಿ ಇಟ್ಟುಕೊಂಡಿದ್ದ, ಅಷ್ಟೇ.

ಅನ್ವಿತಾ ಎಂಟನೆಯ ಕ್ಲಾಸಿಗೆ ಬಂದಾಗ ಸುವರ್ಣ ಫೋನು ಮಾಡಿದಳು. ಇನ್ನು ಭಾನುವಾರವೂ ಟ್ಯೂಷನ್ ಇರುತ್ತದಂತೆ. “ಅವಳ ಹುಟ್ಟಿದಬ್ಬ ಕಳೆದ ಮೇಲೆ ಆಟ ಬೇಕೋ ಬೇಡ್ವೋ ಅವಳೇ ಹೇಳಲಿ. ಬೇಕು ಅಂದ್ರೆ ಟ್ಯೂಷನ್ ಬೇರೆ ಹೊತ್ತಿಗೆ ಹಾಕಿಸ್ತೀನಿ. ನಾನು ಬೇಡ ಅನ್ನಲ್ಲ, ಬಲವಂತಾನೂ ಮಾಡಲ್ಲ,” ಎಂದಳು. ನ್ಯಾಯವಾದ ಮಾತೇ. ಆದರೆ ಕೊಟ್ರೇಶನ ಲೆಕ್ಕ ಬೇರೆ. ಆ ಭಾನುವಾರಗಳು ಹೋದರೆ ಅವನಿಗೆ ಮಗಳ ದನಿಯೇ ಹೋದಂತೆ.

ಬೆಳ್ಳಕ್ಕಿ ಕೋಲು ಎಂಬುದೊಂದಿದೆ ನಮ್ಮ ಆಟದಲ್ಲಿ. ಬೀಸಿದರೆ ಬಿಳಿಯ ಹಕ್ಕಿಗಳು ಹಾರುತ್ತವೆ. ಅದು ಬೇಕೆಂದು ಅನ್ವಿತಾ ಒಂದು ಕಾಲದಲ್ಲಿ ಹಟ ಹಿಡಿದಿದ್ದಳು. ಸಿಗುವುದು ಒಂದೇ ಗವಿಯಲ್ಲಿ, ಅದೂ ಅದೃಷ್ಟವಿದ್ದರೆ. ಒಬ್ಬರು ವಾರಕ್ಕೆ ಒಂದೇ ಸಲ ಆ ಗವಿಗೆ ಹೋಗಬಹುದು. ಕೊಟ್ರೇಶನ ಬಳಿ ಮೂವರಿದ್ದರಲ್ಲ, ಹಾಗಾಗಿ ವಾರಕ್ಕೆ ಮೂರು ಸಲ. ಹುಟ್ಟುಹಬ್ಬಕ್ಕೆ ಈ ಕೋಲು ಕೊಟ್ಟರೆ ಮಗಳು ಆಟ ಬಿಡುವುದಿಲ್ಲ ಎಂದು ಅವನು ಗಟ್ಟಿಯಾಗಿ ನಂಬಿದ. ಕಲ್ಲಪ್ಪ ಹೋದ, ಗಂಗವ್ವ ಹೋದಳು, ಬಾಣಪ್ಪ ಹೋದ. ಒಂದೂವರೆ ತಿಂಗಳು ಬರಿಗೈಯಲ್ಲಿ ಬಂದರು. ಹುಟ್ಟುಹಬ್ಬದ ವಾರದ ಗುರುವಾರ ಬಾಣಪ್ಪನಿಗೆ ಕೋಲು ಸಿಕ್ಕಿತು. ಕೊಟ್ರೇಶ ಕುರ್ಚಿಯಿಂದ ಎದ್ದು ಮನೆಯೊಳಗೆ ಎರಡು ಸುತ್ತು ಹಾಕಿದ. ಜೋಪಾನವಾಗಿರಲಿ ಎಂದು ಕೋಲನ್ನು ನನಗೆ ಅಂಚೆ ಹಾಕಿದ.

ಇಲ್ಲೊಂದು ಕಟ್ಟಳೆ ಹೇಳಬೇಕು. ನಮ್ಮ ಲೋಕದಲ್ಲಿ ಒಳ್ಳೆಯ ವಸ್ತುವನ್ನು ಚೀಲದಲ್ಲಿಟ್ಟುಕೊಂಡಷ್ಟು ದಿನ ಯಾರಿಗೆ ಬೇಕಾದರೂ ಕೊಡಬಹುದು. ಒಮ್ಮೆ ತೊಟ್ಟರೆ ಮುಗಿಯಿತು, ಅದು ತೊಟ್ಟವನ ಮೈಗೇ ಅಂಟಿಕೊಳ್ಳುತ್ತದೆ. ಮತ್ತೊಬ್ಬರಿಗೆ ಕೊಡಲು ಬರುವುದಿಲ್ಲ.

ಭಾನುವಾರ ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕೋಲನ್ನು ಮಿಂಚುವಿಗೆ ಕಳಿಸಲು ಕೊಟ್ರೇಶ ನನ್ನನ್ನು ಕರೆದ. ಮೊದಲು ಅಂಚೆಪೆಟ್ಟಿಗೆ ತೆರೆಯಬೇಕು, ಆಮೇಲೆ ಕೋಲನ್ನು ಒತ್ತಬೇಕು. ಪೆಟ್ಟಿಗೆ ತೆರೆದಿದ್ದರೆ ಅದೇ ಒತ್ತು ವಸ್ತುವನ್ನು ಅಂಚೆಗೆ ಹಾಕುತ್ತದೆ, ತೆರೆಯದಿದ್ದರೆ ಮೈಗೆ ತೊಡಿಸುತ್ತದೆ. ಮನುಷ್ಯ ಗಡಿಬಿಡಿಯಲ್ಲಿದ್ದ. ಪೆಟ್ಟಿಗೆ ತೆರೆಯದೆ ಒತ್ತಿದ. ‘ತೊಟ್ಟರೆ ಇದು ಇವನದೇ ಆಗುತ್ತದೆ, ಸರಿಯೇ?’ ಎಂದು ಆಟ ಕೇಳಿತು. ಮೂವರಿಗೆ ತೊಡಿಸಿ ತೊಡಿಸಿ ಅಭ್ಯಾಸವಾದ ಬೆರಳು, ಓದದೆ ‘ಹೌದು’ ಎಂದಿತು.

ಹುಟ್ಟಿದಾಗಿನಿಂದ ಬರಿದಾಗಿದ್ದ ನನ್ನ ಕೈಗೆ ಬೆಳ್ಳಕ್ಕಿ ಕೋಲು ಬಂತು. ತಲೆಯ ಸುತ್ತ ಹಕ್ಕಿಗಳು ಹಾರಿದವು. ನಾಚಿಕೆಗೇಡು, ಒಂದು ಗಳಿಗೆ ನನಗೆ ಖುಷಿಯಾಯಿತು. ಆಮೇಲೆ ಅವನ ಮುಖ ನೋಡಿದೆ. ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಹೆಡ್‌ಫೋನಿನಲ್ಲಿ ಅನ್ವಿತಾಳ ದನಿ ಬಂತು, “ಅಪ್ಪಾ, ಬಂದೆ.” ಇವನು ಮೈಕ್ ಹತ್ತಿರ ಎಳೆದುಕೊಂಡು, “ಬಾರವ್ವ. ಉಡುಗೊರೆ ಒಂದು ಐತೆ, ಸ್ವಲ್ಪ ದಿನ ತಡಿ,” ಎಂದ.

ಆಟದ ಕಂಪನಿಗೆ ಪತ್ರ ಬರೆದ. ಕಟ್ಟಳೆ ಕಟ್ಟಳೆಯೇ ಎಂಬ ಉತ್ತರ ಬಂತು. ಆಗ ಅವನಿಗೊಂದು ಯೋಚನೆ ಹೊಳೆಯಿತು. ಕೋಲನ್ನು ಕೊಡಲು ಬರದಿದ್ದರೆ ಏನಂತೆ, ಕೋಲು ಹಿಡಿದವನನ್ನೇ ಖಾತೆ ಸಮೇತ ಕೊಟ್ಟರಾಯಿತು! ಇನ್ನೂ ಒಂದು ತಿಂಗಳು ಟೈಮು ಕೊಡು ಎಂದು ಸುವರ್ಣಳನ್ನು ಕೇಳಿಕೊಂಡ. ಅವಳು ಒಪ್ಪಿದಳು.

ಆ ತಿಂಗಳು ನಾನು ಬದುಕಿದೆ. ಮೊದಲ ಸಲ ಊರ ಬಾಗಿಲು ದಾಟಿದೆ. ಕಾಡುಹಂದಿಯಿಂದ ಒದೆ ತಿಂದೆ, ಸತ್ತು ಸತ್ತು ಎದ್ದೆ, ಸಮುದ್ರ ನೋಡಿದೆ. ಮೂವರಿಗೆಂದು ನಾನೇ ಹೊತ್ತುಕೊಂಡಿದ್ದ ಕವಚಗಳನ್ನು ಕೊಟ್ರೇಶ ನನಗೇ ತೊಡಿಸಿದ. ಅರವತ್ತು ಮೆಟ್ಟಿಲಿರುವ ಆಟದಲ್ಲಿ ಅರವತ್ತನ್ನೂ ಹತ್ತಿಸಿದ. ರಜೆ ಹಾಕಿ ಹತ್ತಿಸಿದ. ಗಿರಿಜಕ್ಕ ತಂದ ರೊಟ್ಟಿ ಹಾಗೇ ಒಣಗುತ್ತಿದ್ದವು.

ಕೊನೆಯ ಮೆಟ್ಟಿಲು ಹತ್ತಿದ ಮರುದಿನ ಭಾನುವಾರ. ಬೆಳಿಗ್ಗೆಯೇ ಅವನು ಇನ್ನೊಂದು ಕೆಲಸ ಮಾಡಿ ಮುಗಿಸಿದ್ದ. ಈ ಖಾತೆಯ ಒಳಗೆ ಬರಬೇಕಾದರೆ ಪ್ರತಿ ಸಲವೂ ಫೋನಿಗೆ ಆರು ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅದನ್ನು ಒತ್ತಿದರೇ ಕದ ತೆರೆಯುವುದು. ಆ ಸಂಖ್ಯೆ ಇನ್ನು ಮುಂದೆ ಅನ್ವಿತಾಳ ಫೋನಿಗೇ ಹೋಗಲಿ ಎಂದು ಬದಲಿಸಿದ್ದ, ಆಮೇಲೆ ಆಟದಿಂದ ಹೊರಗೆ ಹೋಗದೆ ಹಾಗೇ ಬಿಟ್ಟಿದ್ದ. ಕೊಡುವುದಾದರೆ ಪೂರ್ತಿ ಕೊಡಬೇಕು ಎಂದು ಅವನ ಆಸೆ.

ಮೂರಕ್ಕೆ ಅವಳು ಬಂದಳು. ನಾನು ಕೋಲು ಬೀಸಿದೆ. ಹಕ್ಕಿಗಳು ಹಾರಿದವು.

“ಅಯ್ಯೋ, ಬೋಂಡಣ್ಣ! ಇನ್ನೂ ಇದಾನಾ ಇವನು?” ಎಂದು ಅನ್ವಿತಾ ನಕ್ಕಳು.

“ಇವನು ನಿನಗೇ ಅವ್ವ. ಪಾಸ್‌ವರ್ಡ್ ಕಳ್ಸೀನಿ ನೋಡು. ಕೋಲು, ಕವಚ, ಎಲ್ಲ ನಿಂದೇ.”

ಮೈಕ್ ಕೆಟ್ಟಿತೋ ಏನೋ ಎಂದು ಕೊಟ್ರೇಶ ವೈರು ಅಲ್ಲಾಡಿಸಿದ.

“ಅಪ್ಪ, ಒಂದು ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಹೇಳವ್ವ.”

“ನಂಗೆ ಈ ಆಟ ಸಾಕಾಗಿ ಒಂದು ವರ್ಷ ಆಯ್ತಪ್ಪ. ನಿಂಗೆ ತುಂಬಾ ಇಷ್ಟ ಅಲ್ವಾ, ನೀನೊಬ್ನೇ ಆಗ್ತೀಯ ಅಂತ ಬರ್ತಿದ್ದೆ. ಈಗ ಟ್ಯೂಷನ್ನು ಬೇರೆ...” ಹುಡುಗಿಯ ದನಿ ಅಳುವಿಗೆ ಹತ್ತಿರವಾಗಿತ್ತು.

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹೇಳಿಬಿಡೋ ಮಾರಾಯ, ನಿನಗೂ ಇದು ಬೇಕಾಗಿರಲಿಲ್ಲ ಎಂದು ಹೇಳಿಬಿಡು ಎಂದು ನನ್ನ ಜೀವ ಒದ್ದಾಡುತ್ತಿತ್ತು. ಆದರೆ ಹೇಳಿದ್ದರೆ ಅವಳು ಒಂದು ವರ್ಷ ಸುಮ್ಮನೆ ಸವೆಸಿದಳು ಎಂದಾಗುತ್ತಿತ್ತು. ಅವನು ಅದನ್ನು ಯೋಚಿಸಿದ ಎಂದು ಕಾಣುತ್ತದೆ.

“ಹೌದವ್ವ, ನನಗೆ ಈ ಆಟ ಅಂದ್ರೆ ಭಾಳ ಇಷ್ಟ,” ಎಂದ. “ನೀನು ಬಂದಿದ್ದಕ್ಕೆ ಭಾಳ ಖುಷಿ ಆಗಿತ್ತು ನೋಡು. ಆತು ಬಿಡು, ನೀನು ಓದ್ಕೊ.”

“ನೀನು ನಿಲ್ಲಿಸ್ಬೇಡಪ್ಪ. ಆಡು.”

“ಹೂಂನವ್ವ, ಆಡ್ತೀನಿ.”

ಅವಳ ದನಿ ನಿಂತಿತು. ಅವನು ಐದು ಗಂಟೆಯವರೆಗೂ ಕೂತಿದ್ದ, ನನ್ನನ್ನು ಒಂದು ಹೆಜ್ಜೆಯೂ ನಡೆಸಲಿಲ್ಲ. ಐದಕ್ಕೆ ಕಂಪ್ಯೂಟರ್ ಆರಿಸಿದ. ಇನ್ನೊಮ್ಮೆ ಒಳಗೆ ಬರಬೇಕಾದರೆ ಸಂಖ್ಯೆ ಮಗಳ ಫೋನಿಗೆ ಹೋಗುತ್ತದೆ ಎಂದು ಅವನು ಅವಳಿಗೆ ಹೇಳಲೇ ಇಲ್ಲ.

ಅದಾಗಿ ಎರಡು ವರ್ಷವಾಯಿತು. ನಮ್ಮ ಊರು ಈಗ ಬಿಕೋ ಎನ್ನುತ್ತದೆ. ಹೊಸ ಆಟಗಳು ಬಂದಿವೆ, ಜನ ಹೋದರು. ಉಗ್ರಾಣದ ಪಕ್ಕ ನಿಂತು ಬೋರಾಗುವಷ್ಟು ಹರಟುತ್ತಿದ್ದ ಬೇರೆ ಆಟಗಾರರ ಕುಳ್ಳರೂ ಇಲ್ಲ. ಕಲ್ಲಪ್ಪ, ಗಂಗವ್ವ, ಬಾಣಪ್ಪ ತೊಟ್ಟ ಕವಚದಲ್ಲೇ ಎಲ್ಲೋ ಮಲಗಿದ್ದಾರೆ. ನಾನು ಅರವತ್ತನೆಯ ಮೆಟ್ಟಿಲಿನ ವೀರ, ಯಾರೂ ಆಡಿಸದ ವೀರ. ಮಗಳ ಹೆಸರಿಗೆ ಬರೆದ ಆಸ್ತಿ ನಾನು. ಅವಳು ಒಂದು ದಿನವೂ ಬರಲಿಲ್ಲ, ಅದು ಅವಳ ತಪ್ಪೂ ಅಲ್ಲ. ಹಿರಿಯೂರಿನ ಶನಿವಾರಗಳು ನಡೆದಿವೆಯೋ ನಿಂತವೋ ತಿಳಿಯಲು ನನಗೆ ದಾರಿಯಿಲ್ಲ.

ಗೊತ್ತಿರುವುದು ಇಷ್ಟು. ಪ್ರತಿ ಭಾನುವಾರ ಮೂರು ಗಂಟೆಗೆ ಯಾರೋ ಹೊರಗಿನಿಂದ ಪಾಸ್‌ವರ್ಡ್ ಒತ್ತಿ ನಮ್ಮ ಕದ ತಟ್ಟುತ್ತಾರೆ. ತಟ್ಟಿದೊಡನೆ ಆರು ಅಂಕಿ ತುಮಕೂರಿನ ಆ ಫೋನಿಗೆ ಹೋಗುತ್ತವೆ. ಹತ್ತು ನಿಮಿಷ ಅವಕ್ಕೆ ಜೀವ, ಆಮೇಲೆ ಕೆಲಸಕ್ಕೆ ಬಾರವು. ಮೊದಮೊದಲು ಪಾಪ, ಕೊಟ್ರೇಶ ಒಳಗೆ ಬರಲಾಗದೆ ಒದ್ದಾಡುತ್ತಿದ್ದಾನೆ ಎಂದುಕೊಂಡೆ. ಆದರೆ ಒಳಗೆ ಬರಲೇಬೇಕಾದವನು ಎರಡನೆಯ ಸಲ ತಟ್ಟುತ್ತಾನೆ, ಮಗಳಿಗೆ ಫೋನು ಮಾಡಿ ಸಂಖ್ಯೆ ಕೇಳುತ್ತಾನೆ. ಇವನು ಒಂದೇ ಸಲ ತಟ್ಟುತ್ತಾನೆ. ಫೋನು ಮಾಡಿದರೆ ಊಟ ಆತೇನವ್ವ ಎಂಬಲ್ಲಿಗೆ ಮಾತು ಮುಗಿಯುತ್ತದೆ ಎಂದು ಅವನಿಗೆ ಗೊತ್ತು. ಅದಕ್ಕೇ ಅಂಕಿ ಕಳಿಸುತ್ತಾನೆ.

ನಿನ್ನೆಯೂ ಮೂರಕ್ಕೆ ತಟ್ಟಿದ. ಅಂಕಿ ಹೋದವು. ಅವಳು ನೋಡಿದಳೋ, ಇದ್ಯಾವುದೋ ಕಾಟ ಎಂದು ಅಳಿಸಿದಳೋ. ನಾನು ಹತ್ತು ನಿಮಿಷ ಎದ್ದು ನಿಂತಿದ್ದು, ಆಮೇಲೆ ಕೂತೆ.