ಅಮ್ಮ ಕಲಿಸಿದ ಸಾಲು

ಮೊಮ್ಮಗಳು ಟಿ.ವಿ.ಯ ಹಾಡಿನ ಸ್ಪರ್ಧೆಯಲ್ಲಿ ಹಾಡತೊಡಗಿದ ಮೇಲೆ ಇಸ್ತ್ರಿ ಅಂಗಡಿಯಲ್ಲಿ ತಾತನ ಗಮನ ಬಟ್ಟೆಯ ಮೇಲಿರುತ್ತಿರಲಿಲ್ಲ. ಆಗಲೇ ಒಂದೆರಡು ಅಂಗಿ ಸುಟ್ಟಿದ್ದವು.

"ನಿಮ್ಮ ಪುಟ್ಟಿ ಗೆಲ್ಲೋ ಹೊತ್ತಿಗೆ ಊರೋರೆಲ್ಲ ಬರಿಮೈಲಿ ಓಡಾಡ್ಬೇಕು ನೋಡಿ ತಾತ," ಎಂದು ಪಕ್ಕದ ಮೇಜಿನ ಉದ್ದಣ್ಣ ಛೇಡಿಸುತ್ತಿದ್ದ. ಆದರೆ ಬಂದ ಗಿರಾಕಿಗಳ ಫೋನು ಕಸಿದುಕೊಂಡು ಪುಟ್ಟಿಗೆ ಮತ ಒತ್ತುತ್ತಿದ್ದವನೂ ಅವನೇ.

ಪುಟ್ಟಿಯ ತಾಯಿ ತೀರಿಕೊಂಡ ಮೇಲೆ ಅಳಿಯ ಮಗುವನ್ನು ತನ್ನ ಊರಿಗೆ ಕರೆದೊಯ್ದಿದ್ದ. ಮಗಳನ್ನು ಕಳೆದುಕೊಂಡ ಸಂಕಟ ದೇವರ ಮುಂದೆ ಕೂತರೂ ತಾತನಿಗೆ ಇಳಿಯುತ್ತಿರಲಿಲ್ಲ. ಟಿ.ವಿ.ಯಲ್ಲಿ ಆ ಪುಟ್ಟ ಬಾಯಿ ತೆರೆದಾಗ ಮಾತ್ರ ಎದೆ ತುಸು ಹಗುರಾಗುತ್ತಿತ್ತು. ದನಿ, ದನಿಯ ಏರಿಳಿತ, ಎಲ್ಲ ತದ್ವತ್ ತಾಯಿಯದೇ.

ಫೈನಲ್ಲಿಗೆ ಹಿಂದಿನ ವಾರ ಪುಟ್ಟಿ ಮನೆಯಲ್ಲಿ ಹೇಳುತ್ತಿದ್ದ ಪ್ರಾರ್ಥನೆಯನ್ನೇ ಹಾಡಿದಳು. "ಮಬ್ಬು ಕವಿದರೂ ಕೈಯ ಬಿಡದಿರು ತಂದೆ" ಎಂಬ ಸಾಲು ಬಂದಾಗ, "ಕೈಯ ಬಿಡ" ಎಂದು ನಿಲ್ಲಿಸಿ, ಉಸಿರೆಳೆದುಕೊಂಡು, "ದಿರು ತಂದೆ" ಎಂದಳು. ತೀರ್ಪುಗಾರರು ಕೈಯೆತ್ತಿ ಹಾಡು ನಿಲ್ಲಿಸಿದರು.

"ಪುಟ್ಟಿ, ಈ 'ದಿರು' ಯಾರಮ್ಮಾ? ನಿಮ್ಮ ಚಿಕ್ಕಪ್ಪನಾ?"

ಸಭೆ ಗೊಳ್ಳೆಂದು ನಕ್ಕಿತು. ಪುಟ್ಟಿಯ ಮುಖ ಸಪ್ಪಗಾಯಿತು. "ಅಮ್ಮ ಹೀಗೇ ಹೇಳ್ಕೊಟ್ಟಿದ್ದು," ಎಂದಳು.

"ಪಾಪ, ಅಮ್ಮ ತಪ್ಪು ಕಲಿಸಿದಾರೆ. ಫೈನಲ್‌ನಲ್ಲಿ ಇದನ್ನೇ ತಿದ್ಕೊಂಡು ಹಾಡು, ನೋಡೋಣ."

ತಾತನಿಗೆ ಯಾರೋ ಕೆಂಡ ಎರಚಿದಂತಾಯಿತು. ಅದು ಮಗಳ ತಪ್ಪಾಗಿರಲಿಲ್ಲ. ತಾತ ಇಸ್ತ್ರಿ ಮಾಡುತ್ತಲೇ ಆ ಪ್ರಾರ್ಥನೆ ಹೇಳುವವನು. "ಕೈಯ ಬಿಡ" ಎನ್ನುವಷ್ಟರಲ್ಲಿ ಅಂಗಿಯ ಒಂದು ತೋಳಿನ ಇಸ್ತ್ರಿ ಮುಗಿಯುವುದು; ಪೆಟ್ಟಿಗೆ ಎತ್ತಿಟ್ಟು, ಅಂಗಿ ಮಗುಚಿ, ಆಮೇಲೆ "ದಿರು ತಂದೆ" ಎನ್ನುವನು. ಬಟ್ಟೆಗಂಟಿನ ಮೇಲೆ ಕೂತು ಕೇಳಿ ಕಲಿತ ಮಗಳು, ಹಾಡು ಇರುವುದೇ ಹಾಗೆ ಎಂದುಕೊಂಡಳು. ಕೇಳಲು ಮುದ್ದಾಗಿತ್ತು, ಅವನೂ ತಿದ್ದಲಿಲ್ಲ.

ತಾತ ಅಳಿಯನಿಗೆ ಫೋನು ಮಾಡಿದ. "ಅದು ನನ್ನ ಇಸ್ತ್ರಿಪೆಟ್ಟಿಗೆ ತಂದಿಟ್ಟ ಎಡವಟ್ಟು ಕಣಯ್ಯಾ. ಟಿ.ವಿ.ಯವರಿಗೆ ಹೇಳು. ಸತ್ತೋಳ ತಲೆಗೆ ಕಟ್ಟೋದು ಬೇಡ."

"ಮಾವ, ಸುಮ್ನಿರಿ. ತಾಯಿಲ್ಲದ ಮಗು ತಾಯಿ ತಪ್ಪು ತಿದ್ಕೊಂಡು ಗೆಲ್ತು ಅಂದ್ರೆ ಜನ ಕಣ್ಣೀರು ಹಾಕ್ತಾರೆ. ಇಸ್ತ್ರಿಪೆಟ್ಟಿಗೆಗೆ ಯಾರು ಅಳ್ತಾರೆ?"

"ಅವಳು ನಿನ್ನ ಹೆಂಡ್ತಿ ಕಣೋ!"

"ಇವಳು ನನ್ನ ಮಗಳು ಮಾವ. ಫೈನಲ್ ದಿನ ನಿಮ್ಮನ್ನೂ ಫೋನಲ್ಲಿ ಮಾತಾಡಿಸ್ತಾರಂತೆ. ದಮ್ಮಯ್ಯ, ಕೆಡಿಸ್ಬೇಡಿ."

ಮಾತಾಡಿಸಲಿ, ಎಲ್ಲರೆದುರಿಗೇ ಹೇಳಿಬಿಡುತ್ತೇನೆ ಎಂದು ತಾತ ಗಟ್ಟಿಮಾಡಿಕೊಂಡ. ಪುಟ್ಟಿ ಗೆಲ್ಲಲಿ, ನನ್ನ ಮಗಳ ಹೆಸರೂ ಉಳಿಯಲಿ ಎಂದು ದೇವರಲ್ಲಿ ಎರಡನ್ನೂ ಬೇಡಿಕೊಂಡ.

ಫೈನಲ್ಲಿನ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಟ್ಟಿ ಸಾಲನ್ನು ಎಲ್ಲೂ ಮುರಿಯದೆ ನೀಟಾಗಿ ಹಾಡಿದಳು. ತೀರ್ಪುಗಾರರು ಎದ್ದು ನಿಂತರು. ತಾತ ಎಷ್ಟು ಕಿವಿಗೊಟ್ಟರೂ ಆ ದನಿಯಲ್ಲಿ ಮಗಳು ಸಿಗಲಿಲ್ಲ.

ಫೋನು ಬಂತು. "ತಾತ, ಎಲ್ಲರೂ ನಿಮ್ಮ ಮಾತು ಕೇಳ್ತಿದಾರೆ. ಮತದಾನ ಇನ್ನೂ ನಡೀತಿದೆ. ಏನು ಹೇಳ್ತೀರಿ?" ಎಂದ ನಿರೂಪಕ.

"ನೋಡಿ ಸ್ವಾಮಿ, ಆ ಸಾಲು ನನ್ನ ಮಗಳು..." ಎಂದು ತಾತ ಶುರುಮಾಡಿದ.

"ತಾತಾ!" ಪುಟ್ಟಿ ನಡುವೆ ಬಾಯಿಹಾಕಿದಳು. "ಅಮ್ಮಂಗಿಂತ ಸರಿಯಾಗಿ ಹಾಡಿದ್ನಾ?"

ಟಿ.ವಿ.ಯಲ್ಲಿ ಅವಳು ಎರಡೂ ಮುಷ್ಟಿ ಬಿಗಿಹಿಡಿದು ನಿಂತಿದ್ದಳು. ಕೆಳತುಟಿ ಅದುರುತ್ತಿತ್ತು. ಅಂಗಡಿಯವರೆಲ್ಲ ತಾತನ ಬಾಯನ್ನೇ ನೋಡುತ್ತಿದ್ದರು.

"ಹೂಂ ಕಂದಾ."

"ಏನಂದ್ರಿ ತಾತ? ಸರಿಯಾಗಿ ಕೇಳಿಸ್ಲಿಲ್ಲ," ಎಂದ ನಿರೂಪಕ. "ಪೂರ್ತಿ ಹೇಳಿ, ಸ್ವಲ್ಪ ಜೋರಾಗಿ."

ತಾತ ಗಂಟಲು ಸರಿಮಾಡಿಕೊಂಡ. "ನಿಮ್ಮಮ್ಮಂಗಿಂತ ಸರಿಯಾಗಿ ಹಾಡಿದೆ ಕಂದಾ. ಅವಳು ಕಲಿಸಿದ್ದೇ ತಪ್ಪು," ಎಂದ, ಬೀದಿಯವರಿಗೂ ಕೇಳುವಷ್ಟು ಜೋರಾಗಿ.

ಉದ್ದಣ್ಣ ಸೀಟಿ ಹೊಡೆದ. ಪುಟ್ಟಿಯ ಮತಗಳು ಏರತೊಡಗಿದವು.